ದೇಸವ್ವನ ದ್ವೀಪ

ಗ್ರೀಸಿನ ನಾಕ್ಸೋಸ್ ದ್ವೀಪದ ಬಂದರು ಹತ್ತಿರವಾಗುತ್ತಿದ್ದಂತೆ ನಾಗಲಿಂಗ ಹಡಗಿನ ಒಳಗೆ ಹೋಗಿ ಅಂಗಿ ಬದಲಿಸಿಕೊಂಡು ಬಂದ. ಇಸ್ತ್ರಿಯ ಮಡಿಕೆ ಮುರಿಯದ ಹೊಸ ಬಿಳಿ ಅಂಗಿ. ಹೆಂಡತಿ ಬಸವೇಶ್ವರಿ ನೋಡಿದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಗಂಡ ತನ್ನ ಸಲುವಾಗಿ ಹೀಗೆ ಅಂಗಿ ಬದಲಿಸಿದ್ದು ಅವಳಿಗೆ ನೆನಪಿರಲಿಲ್ಲ.

ನಾಗಲಿಂಗ ಬಾದಾಮಿಯ ಗುಹೆಗಳಲ್ಲಿ ಗೈಡ್. ಪಿಯುಸಿಗೆ ಓದು ಬಿಟ್ಟವನು, ಇಂಗ್ಲಿಷನ್ನು ಪ್ರವಾಸಿಗರ ಬಾಯಿಂದಲೇ ಕಲಿತವನು. ಹನ್ನೊಂದು ಚಳಿಗಾಲ ಗ್ರೀಸಿನಿಂದ ಡೆಸ್ಪಿನಾ ಎಂಬ ಹೆಂಗಸು ಶಿಲ್ಪ ನೋಡಲೆಂದೇ ಬಾದಾಮಿಗೆ ಬರುತ್ತಿದ್ದಳು. ಅರವತ್ತು ದಾಟಿದವಳು, ಕಲೆಯ ಇತಿಹಾಸ ಕಲಿಸಿ ನಿವೃತ್ತಳಾದವಳು, ಒಬ್ಬಂಟಿ. ಅಂಗಡಿಯವರ ಬಾಯಲ್ಲಿ ಅವಳು ದೇಸವ್ವ ಆಗಿದ್ದಳು. ಬಂದರೆ ತಿಂಗಳು ಉಳಿಯುವಳು, ನಾಗಲಿಂಗನನ್ನು ಬಿಟ್ಟು ಬೇರೆ ಯಾರನ್ನೂ ಜೊತೆಗೆ ಕರೆಯಳು. ‘ನಿಮ್ಮ ಕಣ್ಣು ನಮ್ಮ ಪ್ರೊಫೆಸರರಿಗೂ ಇಲ್ಲ’ ಎಂದು ಅವಳು ಒಮ್ಮೆ ಹೇಳಿದ್ದನ್ನು ಅವನು ಮನೆಯಲ್ಲಿ ಎಷ್ಟು ಸಲ ಹೇಳಿದ್ದನೆಂದರೆ, ಮಗಳು ಅದನ್ನು ಅವನದೇ ದನಿಯಲ್ಲಿ ಅಣಕಿಸುತ್ತಿದ್ದಳು.

ಕೊರೊನಾ ಬಂದ ಮೇಲೆ ದೇಸವ್ವ ಬರುವುದು ನಿಂತಿತು. ಕಾಗದಗಳೂ ನಿಂತವು. ಈ ವರ್ಷ ಯುಗಾದಿ ಕಳೆದ ಮೇಲೆ ಅವಳ ತಮ್ಮನ ಮಗಳು ಇರೀನಿ ಬರೆದಳು: ಅತ್ತೆಗೆ ಈಗ ಸ್ವಲ್ಪ ಮರೆವು, ನಿಮ್ಮನ್ನು ಇಲ್ಲಿಗೆ ಕರೆಸಬೇಕೆಂಬುದು ಅವರ ಹಳೆಯ ಆಸೆ, ಹೆಂಡತಿಯನ್ನೂ ಕರೆದುಕೊಂಡು ಬನ್ನಿ, ಹನ್ನೆರಡು ದಿನ ಸಮುದ್ರದ ದಂಡೆಯಲ್ಲಿ ಸುಮ್ಮನೆ ವಿಶ್ರಾಂತಿ ತೆಗೆದುಕೊಳ್ಳಿ. ಟಿಕೆಟ್ಟುಗಳನ್ನೂ ಅವಳೇ ಕಳಿಸಿದಳು. ಬಸವೇಶ್ವರಿ ಕುಳಗೇರಿ ಕ್ರಾಸಿನ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮೇ ತಿಂಗಳು ಅವಳಿಗೂ ಸೂಟಿಯೇ.

ಮನೆ ದಂಡೆಯ ಮೇಲಿನ ದಿಬ್ಬದಲ್ಲಿತ್ತು. ಬಿಳಿ ಸುಣ್ಣದ ಗೋಡೆ, ಅಂಗಳದಲ್ಲಿ ಅಂಜೂರದ ಗಿಡ, ಅದರ ಕೆಳಗೆ ಕುರ್ಚಿಯಲ್ಲಿ ದೇಸವ್ವ. ನಾಗಲಿಂಗ ಬ್ಯಾಗು ಕೆಳಗಿಟ್ಟು, ಕೈಮುಗಿದು, ಹತ್ತಿರ ಹೋಗಿ ಬಾಗಿದ.

“ಮೇಡಂ, ನಾನು ನಾಗಲಿಂಗ. ಬಾದಾಮಿಯಿಂದ.”

ಅವಳು ಅವನ ಮುಖ ನೋಡಿದಳು. ಆಮೇಲೆ ಕುರ್ಚಿಯ ಹಿಂಬದಿಗೆ ಒತ್ತಿಕೊಂಡು ಗಟ್ಟಿಯಾಗಿ ಏನೋ ಕೂಗಿದಳು. ಕೈಯಲ್ಲಿದ್ದ ಕಪ್ಪು ಬಿದ್ದು ಒಡೆಯಿತು. ಇರೀನಿ ಓಡಿ ಬಂದು ಅತ್ತೆಯ ಹೆಗಲು ಸವರಿದಳು. ಅತ್ತೆ ಹೇಳಿದ್ದೇನೆಂದು ನಾಗಲಿಂಗ ಕೇಳಿದಾಗ ಅವಳು ಹಿಂಜರಿಯುತ್ತ, “ಅಪರಿಚಿತ ಗಂಡಸು ಮನೆಯೊಳಗೆ ಬಂದಿದ್ದಾನೆ ಅಂದರು” ಎಂದಳು. “ಕ್ಷಮಿಸಿ. ಇಷ್ಟಾಗಿದೆ ಅಂತ ಬರೆದರೆ ನೀವು ಬರುವುದಿಲ್ಲ ಅನ್ನಿಸಿತು.”

ಆ ಗದ್ದಲದಲ್ಲಿ ದೇಸವ್ವ ಹಿಡಿದುಕೊಂಡದ್ದು ಬಸವೇಶ್ವರಿಯ ಕೈಯನ್ನು. ಆವತ್ತು ಸಂಜೆಯವರೆಗೂ ಬಿಡಲಿಲ್ಲ.

ಮುಂದಿನ ದಿನಗಳು ಹಾಗೆಯೇ ಹೋದವು. ಇರೀನಿ ಸಮುದ್ರಕ್ಕೆ ಮುಖಮಾಡಿ ಎರಡು ಒರಗು ಕುರ್ಚಿ ಹಾಕಿಸಿ, ಹಣ್ಣು, ಬ್ರೆಡ್ಡು, ಮೊಸರು ತಂದಿಟ್ಟು, ಏನೂ ಮಾಡಬೇಡಿ, ಮಲಗಿ, ಈಜಿ ಎನ್ನುತ್ತಿದ್ದಳು. ಸುತ್ತ ಯುರೋಪಿನ ಜನ ಬಿಸಿಲಿಗೆ ಮೈಚಾಚಿ ಮಲಗಿರುತ್ತಿದ್ದರು. ನಾಗಲಿಂಗ ಪ್ಯಾಂಟು, ಬೂಟು ತೊಟ್ಟೇ ಒರಗು ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂರುತ್ತಿದ್ದ, ಬಸ್ಸಿಗೆ ಕಾಯುವವನಂತೆ. ಬಸವೇಶ್ವರಿ ಮುಂಜಾನೆ ದೇಸವ್ವನಿಗೆ ಸ್ನಾನ ಮಾಡಿಸಿ, ಬೆಳ್ಳಗಿನ ತೆಳು ಕೂದಲು ಬಾಚಿ, ಆಮೇಲೆ ದಂಡೆಗೆ ಬಂದು ಸೀರೆ ಎತ್ತಿ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಲ್ಲುತ್ತಿದ್ದಳು. ನೀರು ತಣ್ಣಗಿತ್ತು, ಕಾಲ ಬೆರಳು ಕಾಣುವಷ್ಟು ತಿಳಿಯಾಗಿತ್ತು. ಹಿತವೆನಿಸುತ್ತಿತ್ತು. ಹಿಂದೆ ಕೂತ ಗಂಡನ ನೆನಪಾಗಿ ಹಿತವೆನಿಸಿದ್ದಕ್ಕೆ ನಾಚಿಕೆಯಾಗುತ್ತಿತ್ತು.

ಆರನೆಯ ದಿನ ಇರೀನಿ ಅವನನ್ನು ಖುಷಿಪಡಿಸಲೆಂದೇ ಕಪಾಟಿನಿಂದ ದಪ್ಪ ಪುಸ್ತಕವೊಂದನ್ನು ತೆಗೆದಳು. ಗ್ರೀಕಿನಲ್ಲಿ ಅಚ್ಚಾದದ್ದು. ರಕ್ಷಾಪುಟದ ಮೇಲೆ ಬಾದಾಮಿಯ ಮೂರನೆಯ ಗುಹೆಯ ಕಂಬದ ಮೇಲೆ ಕೆತ್ತಿದ ಗಂಡು-ಹೆಣ್ಣಿನ ಜೋಡಿ.

“ಇದು ಅತ್ತೆಯ ಪುಸ್ತಕ. ನೀವು ನೋಡಿರಬೇಕಲ್ಲ?”

ನಾಗಲಿಂಗ ನೋಡಿರಲಿಲ್ಲ. ಪುಸ್ತಕವೊಂದು ಇದೆಯೆಂದೇ ಅವನಿಗೆ ಗೊತ್ತಿರಲಿಲ್ಲ. ಆದರೆ ಆ ಚಿತ್ರ ತೆಗೆದಾಗ ಬೆಳಕು ಹಿಡಿದು ನಿಂತವನು ಅವನೇ. ಕೈಯೊರೆಸಿಕೊಂಡು ಪುಟ ತಿರುವಿದ. ಐದು ಜೋಡಿಗಳ ಬೆರಳುಗಳ ಚಿತ್ರ ಒಂದರ ಕೆಳಗೊಂದು ಬಂದಾಗ ನಿಂತ. ಆ ಐದೂ ಜೋಡಿಗಳ ಕಿರುಬೆರಳು ಒಂದೇ ರೀತಿ ಎದ್ದಿದೆ, ಐದೂ ಒಬ್ಬನೇ ಶಿಲ್ಪಿಯ ಕೆಲಸ ಎಂದು ಅವಳಿಗೆ ತೋರಿಸಿಕೊಟ್ಟವನು ಅವನು. ಅವನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಪ್ರವಾಸಿಗರಿಲ್ಲದ ಆಷಾಢದ ಮಧ್ಯಾಹ್ನಗಳಲ್ಲಿ ಒಬ್ಬನೇ ಕೂತು ನೋಡಿ ನೋಡಿ ಕಂಡುಕೊಂಡದ್ದು.

“ಈ ಅಧ್ಯಾಯದ ಹೆಸರೇನು?”

“ಒಂದೇ ಕೈ” ಎಂದಳು ಇರೀನಿ. “ಅತ್ತೆಗೆ ಹೆಸರು ತಂದದ್ದೇ ಈ ಅಧ್ಯಾಯ.”

“ಮೊದಲಿನ ಪುಟ ಓದ್ತೀರಾ? ಎಲ್ಲರ ಉಪಕಾರ ನೆನೀತಾರಲ್ಲ, ಅದು.”

ಇರೀನಿ ಓದುತ್ತ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. ಇಬ್ಬರು ಪ್ರಾಧ್ಯಾಪಕರು. ಗ್ರಂಥಾಲಯದ ಹೆಂಗಸು. ಪ್ರಕಾಶಕ. ತಮ್ಮ. ಪ್ರವಾಸ ಹೋದಾಗ ಮನೆ ನೋಡಿಕೊಂಡ ನೆರೆಯವರು. ಬರೆಯುವಾಗ ಕಾಲಬಳಿ ಮಲಗಿರುತ್ತಿದ್ದ ನಾಯಿ, ಅದರ ಹೆಸರು ಸಮೇತ. ಕೊನೆಗೆ, “ಸ್ಥಳೀಯ ಗೈಡುಗಳಿಗೂ...” ಎಂದವಳು ನಿಲ್ಲಿಸಿದಳು. ಪುಟ ತಿರುವಿದಳು. ಪುಸ್ತಕದ ಕೊನೆಯ ಹೆಸರುಗಳ ಪಟ್ಟಿಯಲ್ಲಿ ನಾಗಲಿಂಗನ ಹೆಸರಿಗಾಗಿ ಬೆರಳಾಡಿಸಿದಳು. ಅವಳ ಮುಖ ಕೆಂಪಾಯಿತು.

“ಯಾವ ವರ್ಷ ಅಚ್ಚಾದದ್ದು?” ಎಂದು ನಾಗಲಿಂಗ ಕೇಳಿದ.

ಅವಳು ಹೇಳಿದಳು. ಅದಾದ ಮೇಲೂ ಒಂದು ಚಳಿಗಾಲ ದೇಸವ್ವ ಬಾದಾಮಿಗೆ ಬಂದಿದ್ದಳು.

ಇರೀನಿಯ ದನಿ ನಿಂತ ಆ ಗಳಿಗೆಯಲ್ಲಿ ಬಸವೇಶ್ವರಿಗೆ ಸಮಾಧಾನವೆನಿಸಿತ್ತು. ಹನ್ನೊಂದು ಚಳಿಗಾಲ ತಡವಾಗಿ ಬಂದ ಗಂಡನಿಗೆ ಆರಿದ ಅನ್ನ ಬಡಿಸುತ್ತ ದೇಸವ್ವನ ಮಾತನ್ನೇ ಕೇಳಿದವಳು ಅವಳು. ಅರೆ ಗಳಿಗೆಯಷ್ಟೇ. ಗಂಡ ಪುಸ್ತಕವನ್ನು ಮೊದಲಿದ್ದ ಜಾಗದಲ್ಲೇ ಸರಿಯಾಗಿ ಇಟ್ಟು ಹೊರಗೆ ನಡೆದ ರೀತಿ ನೋಡಿ ಅವಳಿಗೆ ತನ್ನ ಮೇಲೆಯೇ ಅಸಹ್ಯ ಬಂತು.

ಅವನು ದಂಡೆಯ ತುದಿಯ ಬಂಡೆಯ ಮೇಲೆ ಸಿಕ್ಕ. ಅವಳು ಪಕ್ಕದಲ್ಲಿ ಕೂತಳು.

“ಮರ್ತಿರಬೇಕ್ರಿ” ಎಂದಳು.

“ಆವಾಗ ಮರವು ಇರ್ಲಿಲ್ಲ ಆಕಿಗೆ. ಯಾವ ಗುಹೆಗೆ ಎಷ್ಟು ಪಾವಟಿಗಿ ಹತ್ತಬೇಕಂತ ನನಗs ಹೇಳ್ತಿದ್ಲು.”

“ಸಿಟ್ಟ ಬಂದೈತೇನು?”

“ಯಾರ ಮ್ಯಾಲೆ ಸಿಟ್ಟಾಗ್ಲಿ? ಮುಂಜಾನಿ ಮೊಸರು ಗಲ್ಲಕ್ಕ ಹಚ್ಕೊಂಡು ಕುಂತಿದ್ಲು. ನೀನs ಒರಸಿದಿ. ಕೇಳಬೇಕಂದ್ರ ಆಕಿ ಇಲ್ಲ. ಬಿಡಬೇಕಂದ್ರ ಅಲ್ಲೇ ಕುಂತಾಳ.”

“ಟಿಕೀಟ ಬದಲಿ ಮಾಡಿಸಿ ಹೊಂಟುಬಿಡೂಣೇನ್ರಿ?”

“ಊರಾಗ ಏನಂತ ಹೇಳೂದು?”

ಮರುದಿನ ಅವನು ಒಬ್ಬನೇ ಬಸ್ಸು ಹಿಡಿದು ದ್ವೀಪದ ಬಡಗಣ ತುದಿಗೆ ಹೋದ. ಅಲ್ಲಿ ಹಳೆಯ ಕಲ್ಲುಗಣಿಯಲ್ಲಿ ಅರ್ಧಕ್ಕೆ ಬಿಟ್ಟ ದೊಡ್ಡ ವಿಗ್ರಹವೊಂದು ಅಂಗಾತ ಮಲಗಿದೆಯೆಂದು ಇರೀನಿ ಹೇಳಿದ್ದಳು. ಸಂಜೆ ಬಂದವನು ವಿಗ್ರಹದ ಮಾತೆತ್ತಲಿಲ್ಲ. ಅಲ್ಲಿದ್ದ ಗೈಡಿನ ಬಗ್ಗೆ ಹೇಳಿದ. “ಮುದುಕ ಅದಾನ. ಬಿಸಲು ಮಂದಿ ಕಣ್ಣಾಗ ಬೀಳಬಾರ್ದಂತ ತಾನs ಬಿಸಲಿಗೆ ಮಕಾ ಮಾಡಿ ನಿಂತು ಹೇಳ್ತಿದ್ದ. ಅರ್ಧ ಮಂದಿ ಕೇಳ್ಲೇ ಇಲ್ಲ, ಫೋಟೋ ತಕ್ಕೊಂಡು ಹೋದ್ರು.”

ಆಮೇಲೆ ಅವನು ದಂಡೆಗೆ ಹೋಗುವುದನ್ನು ಬಿಟ್ಟ. ಅಂಗಳದಲ್ಲಿ ದೇಸವ್ವನ ಎದುರಿಗೆ, ಅವಳು ಹೆದರದಷ್ಟು ದೂರದಲ್ಲಿ, ಮಣೆ ಹಾಕಿಕೊಂಡು ಕೂರತೊಡಗಿದ. ಮೂರು ದಿನದಲ್ಲಿ ಅವಳಿಗೆ ಅವನ ಮುಖ ರೂಢಿಯಾಯಿತು. ಮಾಳಿಗೆ ದುರಸ್ತಿಗೆ ಬಂದ ಗೌಂಡಿಯೆಂದು ತಿಳಿದಳು. ಕೆಲಸ ಯಾವಾಗ ಮುಗಿಯುತ್ತದೆ ಎಂದು ದಿನಕ್ಕೆ ಹತ್ತು ಸಲ ಕೇಳುವಳು, ಇರೀನಿ ಅದನ್ನು ಅವನಿಗೆ ಇಂಗ್ಲಿಷಿನಲ್ಲಿ ಹೇಳುವಳು.

“ನಾಳೆ ಮುಗಸ್ತೇನ್ರಿ ಅವ್ವಾರ” ಎನ್ನುತ್ತಿದ್ದ ನಾಗಲಿಂಗ, ಕನ್ನಡದಲ್ಲೇ. ದನಿ ಕೇಳಿ ಅವಳು ತಲೆಯಾಡಿಸುವಳು.

ಹೊರಡುವ ದಿನ ಇರೀನಿ ಪುಸ್ತಕವನ್ನು ಕಾಗದದಲ್ಲಿ ಸುತ್ತಿ ಕೊಡಲು ಬಂದಳು. ಅವಳ ಕಣ್ಣು ತುಂಬಿದ್ದವು. ನಾಗಲಿಂಗ ಎರಡೂ ಕೈ ಮುಗಿದು, “ನನಗೆ ಗ್ರೀಕ್ ಬರೋದಿಲ್ಲ” ಎಂದಷ್ಟೇ ಹೇಳಿದ. ಆಮೇಲೆ ಮುದುಕಿಯ ಬಳಿ ಹೋಗಿ ಬಾಗಿದ.

“ಕೆಲಸ ಮುಗೀತ್ರಿ. ಬರ್ತೇನಿ.”

ದೇಸವ್ವ ಮೇಲೆ ನೋಡಿ, ಮಾಳಿಗೆಯನ್ನು ಪರೀಕ್ಷಿಸಿದಂತೆ ಮಾಡಿ, ಇರೀನಿಗೆ ಏನೋ ಹೇಳಿದಳು. ಗೌಂಡಿಗೆ ಕಾಫಿ ಕೊಟ್ಟು ಕಳಿಸು ಎಂದಳಂತೆ. ಹಡಗಿಗೆ ತಡವಾಗುತ್ತಿತ್ತು. ನಾಗಲಿಂಗ ನಿಂತುಕೊಂಡೇ ಕಾಫಿ ಕುಡಿದ.

ಊರಿಗೆ ಬಂದಾಗ ಎಲ್ಲರೂ ಫೋಟೋ ಕೇಳಿದರು. ಸಮುದ್ರ, ಬಿಳಿ ಮನೆ, ಒರಗು ಕುರ್ಚಿಯಲ್ಲಿ ಬೂಟು ತೊಟ್ಟ ನಾಗಲಿಂಗ. ಚಹಾದಂಗಡಿಯ ಯುನೂಸ, “ನಸೀಬ ಮಾಡಿದಿ ಲೇ” ಎಂದ. ನಾಗಲಿಂಗ ಹೌದೆಂದ.

ನವೆಂಬರಿನಲ್ಲಿ, ಪ್ರವಾಸಿಗರ ಕಾಲ ಶುರುವಾದ ಮೇಲೆ, ದೇಸವ್ವ ತೀರಿಕೊಂಡಳೆಂದು ಇರೀನಿಯ ಸುದ್ದಿ ಬಂತು. ಆ ಹೊತ್ತಿಗೆ ನಾಗಲಿಂಗ ಇಳಕಲ್ಲಿನಿಂದ ಬಂದ ಕಾಲೇಜು ಹುಡುಗಿಯರ ಗುಂಪಿನ ಜೊತೆ ಗುಹೆಗಳಲ್ಲಿದ್ದ. ಫೋನು ನೋಡಿ ಕಿಸೆಗಿಟ್ಟು, ನಾಲ್ಕೂ ಗುಹೆ ತೋರಿಸಿ ಮುಗಿಸಿದ. ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಕೂತ ಮೇಲೆ ಹೆಂಡತಿಗೆ ಹೇಳಿದ.

ಬಸವೇಶ್ವರಿ ಮಕ್ಕಳ ನೋಟುಪುಸ್ತಕಗಳನ್ನು ತಿದ್ದುತ್ತಿದ್ದಳು. ಪೆನ್ನು ಕೆಳಗಿಟ್ಟಳು. ಆ ಬೆಳ್ಳಗಿನ ತೆಳು ಕೂದಲು ಅವಳ ಬೆರಳಿಗೆ ನೆನಪಾಯಿತು. ಅವಳು ಅತ್ತಳು.

ನಾಗಲಿಂಗ ಅವಳನ್ನೇ ನೋಡುತ್ತ ಕೂತಿದ್ದ.

“ನೀವೂ ಅತ್ತಬಿಡ್ರಿ” ಎಂದಳು ಅವಳು. “ಹಗುರಾಗ್ತೈತಿ.”

“ಬರವಲ್ದು” ಎಂದ ನಾಗಲಿಂಗ. “ಮುಂಜಾನಿಂದ ನೋಡಾಕತ್ತೇನಿ. ಬರವಲ್ದು.”

ಅವಳು ಎದ್ದು ತಟ್ಟೆ ಹಾಕಿದಳು. ಅವನು ರೊಟ್ಟಿ ಮುರಿದ, ಪಲ್ಯಕ್ಕೆ ಅದ್ದಿದ, ಬಾಯಿಗಿಡದೆ ತಟ್ಟೆಯ ಅಂಚಿಗಿಟ್ಟ. ಅವಳು ಒತ್ತಾಯ ಮಾಡಲಿಲ್ಲ.