ಗೆದ್ದವಳ ಮನೆಯ ಕಾಫಿ

ವಯಸ್ಸಿಗೆ ಬಂದವರ ದೃಷ್ಟಿ ಕಸಿಯುವ ಒಂದು ವಂಶವಾಹಿಯ ಮೇಲೆ ವಿದೇಶಿ ಕಂಪನಿಯೊಂದು ಪಡೆದಿದ್ದ ಪೇಟೆಂಟ್ ರದ್ದಾದದ್ದು ಖಿತಾಮಳ ಸಂಶೋಧನೆಯಿಂದ. ಅದು ಕಂಪನಿಯ ಆವಿಷ್ಕಾರವಲ್ಲ, ತಲೆಮಾರುಗಳಿಂದ ತನ್ನ ಮನೆತನದ ರಕ್ತದಲ್ಲೇ ಹರಿದದ್ದು ಎಂದು ಆ ಕಾನೂನು ಪ್ರಾಧ್ಯಾಪಕಿ ಮನೆತನದ ಹೆಸರು ಹಾಕಿಯೇ ಬರೆದಿದ್ದಳು. ಅಮ್ಮಾನ್ ನಗರದ ಪತ್ರಿಕೆಗಳೆಲ್ಲ ಅವಳನ್ನು ಹೊಗಳಿದ್ದವು.

ಇಂದು ಅವಳ ಅಣ್ಣ ನಾಯೆಫನ ಮಗಳು ರವಂದ್‌ಳನ್ನು ಕೇಳಲು ಗಂಡಿನ ಕಡೆಯವರು ಬಂದಿದ್ದರು. ರವಂದ್, ಸೋದರತ್ತೆ ಖಿತಾಮ್ ಇಬ್ಬರೂ ಬಾಗಿಲ ಮರೆಯಲ್ಲಿ ನಿಂತಿದ್ದರು. ಅಲ್ಲಿನ ವಾಡಿಕೆಯಂತೆ, ಹೆಣ್ಣು ಕೇಳಿ, ಒಪ್ಪಿಗೆ ಸಿಗುವ ತನಕ ಬಂದವರ ಹಿರಿಯ ಕಾಫಿ ಮುಟ್ಟುವುದಿಲ್ಲ; ಬಟ್ಟಲು ಅವನೆದುರು ಆರುತ್ತಿರಬೇಕು.

ಹಿರಿಯ ಅಬೂ ದಿರಾರ್ ಬಟ್ಟಲೆತ್ತಿ ಒಂದೇ ಗುಟುಕಿಗೆ ಕುಡಿದುಬಿಟ್ಟ.

"ನೀವಿನ್ನೂ ಏನೂ ಕೇಳಲೇ ಇಲ್ವಲ್ಲ!" ನಾಯೆಫ್ ತೊದಲಿದ.

"ಕೇಳೋದೇನು ಉಳಿದಿದೆಯಪ್ಪಾ? ನಿನ್ನ ತಂಗಿ ಪೇಪರಲ್ಲೇ ಎಲ್ಲಾ ಹೇಳಿಬಿಟ್ಟಿದ್ದಾಳಲ್ಲ. ಓದಿ ಹೆಮ್ಮೆ ಆಯ್ತು. ಆದ್ರೆ ನಮ್ಮ ಮೊಮ್ಮಕ್ಕಳಿಗೆ ಕಣ್ಣು ಬೇಕು. ಕಾಫಿ ಮಾತ್ರ ಸೊಗಸಾಗಿತ್ತು."

ಅವರು ಚಪ್ಪಲಿ ಮೆಟ್ಟುವ ಸದ್ದು ಕೇಳಿಸಿತು.

"ಪರೀಕ್ಷೆ ಮಾಡಿಸೋಣ ಕಣೇ," ಖಿತಾಮ್ ಪಿಸುಗುಟ್ಟಿದಳು. "ನಿನ್ನಲ್ಲಿ ಆ ವಂಶವಾಹಿ ಇಲ್ಲದೇನೂ ಇರಬಹುದು."

"ಯಾಕತ್ತೆ, ಅಷ್ಟು ಕಷ್ಟಪಟ್ಟು ಕಂಪನಿ ಕೈಯಿಂದ ಬಿಡಿಸಿ ತಂದಿದ್ದೀರಿ. ಈಗ ನಮ್ದಲ್ಲ ಅಂದ್ರೆ ಹೇಗೆ?"

ಬೀಗರಿಗೆಂದು ತರಿಸಿದ್ದ ಕುನಾಫ ಸಿಹಿಯ ತಟ್ಟೆಯನ್ನು ರವಂದ್ ಅತ್ತೆಯ ಮುಂದಿಟ್ಟಳು.

"ತಿನ್ನಿ. ನಿಮ್ಮ ಗೆಲುವಿಗೆ ನಾವಿನ್ನೂ ಸಿಹಿ ಹಂಚಿಯೇ ಇರಲಿಲ್ಲ."

ತಲೆ ತಗ್ಗಿಸಿದ ಖಿತಾಮ್ ಕೈ ಚಾಚಲಿಲ್ಲ. ರವಂದ್ ತುಂಡೊಂದನ್ನು ಮುರಿದು ಅವಳ ಬಾಯಿಗೇ ಹಿಡಿದಳು.