ತಾನಾಗಿ ಮುಚ್ಚುವ ಕೈ

ಗ್ರಂಥಾಲಯದ ಮಾಳಿಗೆಯ ಕೋಣೆಯಲ್ಲಿ ಒಂಬತ್ತು ಮಕ್ಕಳು ಒಬ್ಬರ ಅಂಗೈಗೊಬ್ಬರು ಕೋಟಿನ ಗುಂಡಿ ಒತ್ತುತ್ತಿದ್ದರು. ಜಾದೂ ಮೇಷ್ಟ್ರು ಅವರ ನಡುವೆ ಓಡಾಡುತ್ತ, ಒಬ್ಬನ ಮೊಣಕೈ ಇಳಿಸಿ, ಇನ್ನೊಬ್ಬಳ ಹೆಬ್ಬೆರಳು ತಿರುಗಿಸಿ ತೋರಿಸುತ್ತಿದ್ದರು.

"ಗಟ್ಟಿಯಾಗಿ ಒತ್ತಿ. ಒತ್ತಿದ ಗುರುತು ಕೈಯಲ್ಲಿ ಸ್ವಲ್ಪ ಹೊತ್ತು ಉಳಿಯುತ್ತೆ. ಗುಂಡಿ ನಿಮ್ಮ ಹೆಬ್ಬೆರಳಿನ ಮೇಣಕ್ಕೆ ಅಂಟ್ಕೊಂಡು ವಾಪಸ್ ಬಂದಿರುತ್ತೆ. ಒತ್ತಿಸಿಕೊಂಡವರು ಮಾತ್ರ ಇನ್ನೂ ತಮ್ಮ ಮುಷ್ಟಿಯಲ್ಲೇ ಇದೆ ಅಂದ್ಕೊಂಡಿರ್ತಾರೆ."

"ಅವರು ನೋಡಿಬಿಟ್ರೆ ಸಾರ್?" ಎಂದಳು ಸೂಜಿ. ಹನ್ನೊಂದರ ಹುಡುಗಿ, ಕಡ್ಡಿಯಂಥ ಮೈ, ಚೂಪು ಮಾತು. ಹೆಸರು ಮಕ್ಕಳೇ ಇಟ್ಟದ್ದು, ಅವಳಿಗೂ ಇಷ್ಟವಾಗಿತ್ತು.

"ನೋಡಬಾರದು. ಗುಟ್ಟು ಇರೋದೇ ಅಲ್ಲಿ." ಮೇಷ್ಟ್ರು ದನಿ ತಗ್ಗಿಸಿದರು. "ಒತ್ತಿದ ಕೂಡಲೇ ಎಲ್ಲರಿಗೂ ಕೇಳೋ ಹಾಗೆ ಕೇಳಿ: ಅಲ್ರೀ, ಈ ಕೈ ತೊಳೆದು ಎಷ್ಟು ದಿನ ಆಯ್ತು?"

ಮಕ್ಕಳು ಬಿದ್ದು ಬಿದ್ದು ನಕ್ಕರು.

"ನಕ್ಕಿರಾ? ಎಲ್ಲರೂ ಹೀಗೇ ನಗ್ತಾರೆ. ನಗುವಾಗ ಅವರ ಮುಖ ನೋಡ್ತಾರೆ, ನಿಮ್ಮ ಕೈ ನೋಡಲ್ಲ. ಇನ್ನು ಆ ಮನುಷ್ಯ... ನಾಚಿಕೆಯಾದ ಕೈ ತಾನಾಗಿ ಮುಚ್ಕೊಳ್ಳುತ್ತೆ. ಮುಷ್ಟಿ ಹಿಡೀರಿ ಅಂತ ಹೇಳೋದೂ ಬೇಡ."

"ಯಾಕೆ, ಚೆನ್ನಾಗೇ ತೊಳೆದಿದ್ದೀನಿ, ನೋಡಿ ಅಂತ ಅವರು ಕೈ ಬಿಡಿಸಿ ತೋರಿಸಿದ್ರೆ?" ಸೂಜಿ ಬಿಡುವವಳಲ್ಲ.

"ಅಂಥವರನ್ನ ಕರೀಲೇಬೇಡ. ಕಾರ್ಯಕ್ರಮ ಇಟ್ಟುಕೊಂಡ ಯಜಮಾನರನ್ನ ಕರೆದ್ರೆ ಅವತ್ತಿನ ಊಟಕ್ಕೂ ಕಲ್ಲು, ಮುಂದಿನ ವರ್ಷದ ಆಹ್ವಾನಕ್ಕೂ ಕಲ್ಲು. ಅವರ ಅತ್ತೆಯನ್ನಂತೂ ಕನಸಲ್ಲೂ ಕರೀಬೇಡಿ! ಬಾಗಿಲು ಕಾಯೋರು, ಕಾರು ಓಡಿಸೋರು, ತಟ್ಟೆ ಎತ್ತೋರು ಇರ್ತಾರಲ್ಲ? ಎದುರು ಮಾತಾಡದವರನ್ನ ಆರಿಸ್ಕೊಳ್ಳಿ. ಅರ್ಧ ಜಾದೂ ಅಲ್ಲಿಗೇ ಮುಗೀತು."

ಮಕ್ಕಳು ಬರೆದುಕೊಂಡರು. ಸೂಜಿ ಕೊನೆಯ ಮಾತಿನ ಕೆಳಗೆ ಗೆರೆ ಎಳೆದಳು.

ಮೂವತ್ತು ವರ್ಷಗಳಿಂದ ಮೇಷ್ಟ್ರು ಹೀಗೇ ಹೊಟ್ಟೆ ಹೊರೆದಿದ್ದರು. ಯಾರನ್ನೂ ಬೈದವರಲ್ಲ, ಯಾರ ಮೇಲೂ ಕೈ ಮಾಡಿದವರಲ್ಲ. ಜನರನ್ನು ನಗಿಸಿದ್ದೇನೆ ಎಂಬುದೊಂದೇ ಅವರ ಹೆಮ್ಮೆ. ಆ ನಗೆಗೆ ಪ್ರತಿ ಸಲವೂ ಒಬ್ಬ ಮನುಷ್ಯ ಬೇಕಾಗುತ್ತಿದ್ದ, ಆ ಮನುಷ್ಯ ಯಾವತ್ತೂ ನಿಂತು ಕೆಲಸ ಮಾಡುವವನೇ ಆಗಿರುತ್ತಿದ್ದ, ಕುಳಿತು ನೋಡುವವನಲ್ಲ ಎಂಬುದು ಅವರನ್ನು ಕಾಡಿದ್ದೇ ಇಲ್ಲ.

ಭಾನುವಾರ ಕೆಳಗಿನ ಸಭಾಂಗಣದಲ್ಲಿ ಮಕ್ಕಳ ಪ್ರದರ್ಶನ. ಅಪ್ಪ ಅಮ್ಮಂದಿರು ಫೋನು ಎತ್ತಿ ಹಿಡಿದಿದ್ದರು. ಮೇಷ್ಟ್ರಿಗೆ ಮೊದಲ ಸಾಲಿನಲ್ಲಿ ಕುರ್ಚಿ. ಹಗ್ಗ ಕತ್ತರಿಸಿ ಕೂಡಿಸುವ ಹುಡುಗ ಹಗ್ಗವನ್ನು ನಿಜವಾಗಿಯೇ ಕತ್ತರಿಸಿಬಿಟ್ಟು ಅಳುಮೋರೆ ಮಾಡಿಕೊಂಡು ಇಳಿದ. ಆಮೇಲೆ ಸೂಜಿ ಬಂದಳು. ಸಭೆಯನ್ನೊಮ್ಮೆ ನೋಡಿ, ಹಿಂದಿನ ಬಾಗಿಲ ಕಡೆ ಕೈ ಮಾಡಿದಳು.

"ಅಕ್ಕಾ, ನೀವೇ, ನೆಲ ಒರೆಸೋರು. ಸ್ವಲ್ಪ ಮುಂದೆ ಬನ್ನಿ."

ನೀಲಿ ಅಂಗಿಯ ಹೆಂಗಸು ಒರೆಸುವ ಕೋಲನ್ನು ಗೋಡೆಗೆ ಆನಿಸಿ ಬಂದಳು. ಸೂಜಿ ಅವಳ ಅಂಗೈ ಬಿಡಿಸಿ, ಗುಂಡಿ ಇಟ್ಟು, ಗಟ್ಟಿಯಾಗಿ ಒತ್ತಿದಳು.

"ಅಲ್ರೀ, ಈ ಕೈ ತೊಳೆದು ಎಷ್ಟು ದಿನ ಆಯ್ತು?"

ಸಭೆ ಹೋ ಎಂದಿತು. ಮೊದಲು ಚಪ್ಪಾಳೆ ತಟ್ಟಿದವರು ಮೇಷ್ಟ್ರೇ.

"ಬೆಳಿಗ್ಗೆಯಿಂದ ತೊಳೀತಾನೇ ಇದ್ದೀನಿ ಮೇಡಂ," ಎಂದಳು ಹೆಂಗಸು, ಮೆಲ್ಲಗೆ. ನಗೆ ಇನ್ನೂ ಏರಿತು. ಅವಳ ಕೈ ಮುಚ್ಚಿಕೊಂಡಿತು.

ಮೇಷ್ಟ್ರ ಚಪ್ಪಾಳೆ ಅರ್ಧಕ್ಕೆ ನಿಂತಿತು. ಇಷ್ಟು ವರ್ಷ ಅವರು ಈ ಆಟವನ್ನು ವೇದಿಕೆಯ ಮೇಲಿಂದಲೇ ಕಂಡವರು; ಆ ಗಳಿಗೆಯಲ್ಲಿ ಅವರ ಜೀವವೆಲ್ಲ ತಮ್ಮ ಹೆಬ್ಬೆರಳಲ್ಲೇ ಇರುತ್ತಿತ್ತು. ಈಗ ಮೊದಲ ಸಲ ಕುರ್ಚಿಯಲ್ಲಿ ಕುಳಿತು ನೋಡಿದರು. ಫಿನಾಯಿಲಿಗೆ ಸುಲಿದು ಬೆಳ್ಳಗಾದ ಬೆರಳುಗಳು ಒಂದರೊಳಗೊಂದು ಅಡಗಿಕೊಳ್ಳುತ್ತಿದ್ದವು. ಮುಖದ ಮೇಲೆ, ಎಲ್ಲರೂ ನಗುವಾಗ ತಾವೂ ನಗಲೇಬೇಕಾದವರ ನಗೆ. ಆ ನಗೆಯನ್ನು ಅವರು ಎಷ್ಟೋ ಮುಖಗಳ ಮೇಲೆ ಮೂಡಿಸಿದ್ದರು, ಒಂದನ್ನೂ ನೋಡಿರಲಿಲ್ಲ.

ಮುಷ್ಟಿ ಬಿಚ್ಚಿದಾಗ ಗುಂಡಿ ಇರಲಿಲ್ಲ. ಸಿಳ್ಳೆ ಬಿತ್ತು.

ಜನ ಚದುರಿದ ಮೇಲೆ ಗ್ರಂಥಪಾಲಕರು ಕೈ ಕುಲುಕಿದರು. "ಕೊನೇ ಹುಡುಗಿ ಸೂಪರ್ ಸಾರ್! ಮುಂದಿನ ತಂಡಕ್ಕೂ ನೀವೇ ಬರಬೇಕು."

"ಆ ಹೆಂಗಸಿಗೆ ಬೇಜಾರಾಯ್ತೇನೋ."

"ಅಯ್ಯೋ, ಅವರಿಗೆಲ್ಲ ಇದು ಒಂದು ಲೆಕ್ಕವೇ? ತಮಾಷೆ ಸಾರ್. ಅತಿಯಾಗಿ ಯೋಚಿಸಬೇಡಿ."

ನಿನ್ನೆಯಾಗಿದ್ದರೆ ಮೇಷ್ಟ್ರೂ ಇದನ್ನೇ ಹೇಳುತ್ತಿದ್ದರು. ಅವರು ಕೈ ಬಿಡಿಸಿಕೊಂಡು ಒಳಗೆ ತಿರುಗಿದರು.

ಸಭಾಂಗಣದ ಮೂಲೆಯಲ್ಲಿ ನೀಲಿ ಅಂಗಿಯವಳು ಮೇಜಿನ ಒಂದು ತುದಿ ಹಿಡಿದಿದ್ದಳು. ಇನ್ನೊಂದು ತುದಿಯಲ್ಲಿ ಸೂಜಿ.

"ಅಮ್ಮಾ, ನಿಧಾನ. ನನ್ನ ಕಾಲು!"

ಮೇಷ್ಟ್ರು ನಿಂತಲ್ಲೇ ನಿಂತರು. ಇಷ್ಟು ವಾರ ಈ ಹುಡುಗಿಯನ್ನು ಕರೆದೊಯ್ಯಲು ಯಾರೂ ಮೇಲೆ ಬಂದಿರಲಿಲ್ಲ. ಯಾಕೆಂದು ಅವರು ಕೇಳಿಯೂ ಇರಲಿಲ್ಲ.

ಸೂಜಿ ಓಡಿ ಬಂದಳು. "ಸರಿ ಬಂತಾ ಸಾರ್? ಮನೇಲಿ ಇಪ್ಪತ್ತು ಸಲ ಮಾಡಿದ್ವಿ!"

"ಅಮ್ಮನ ಮೇಲೇ ಯಾಕೆ ಮಾಡಿದೆಯಮ್ಮಾ?"

"ನೀವೇ ಹೇಳಿದ್ರಲ್ಲ, ಎದುರು ಮಾತಾಡದವರನ್ನ ಆರಿಸ್ಕೊಳ್ಳಿ ಅಂತ." ಅವಳು ಭುಜ ಕುಣಿಸಿದಳು. "ನನಗೆ ಎದುರು ಮಾತಾಡದವರು ಅಂದ್ರೆ ಅಮ್ಮ ಒಬ್ಬಳೇ."

ತಾಯಿ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದಳು. "ನಾನೇ ಹೇಳ್ದೆ ಸಾರ್, ನನ್ನ ಮೇಲೇ ಮಾಡು ಅಂತ. ವಾಚ್‌ಮನ್ ಅಣ್ಣನ್ನ ಕರೀತೀನಿ ಅಂತಿದ್ಳು. ಪಾಪ, ವಯಸ್ಸಾದವರು, ಅಷ್ಟು ಜನದ ಮುಂದೆ ನೊಂದ್ಕೋತಾರೆ. ನನಗಾದ್ರೆ ಅಭ್ಯಾಸ ಇದೆ."

"ತಪ್ಪು ನನ್ನದಮ್ಮಾ. ಆ ಮಾತು ಹೇಳ್ಕೊಟ್ಟಿದ್ದೇ ನಾನು."

"ಬಿಡಿ ಸಾರ್, ಆಟ ತಾನೆ?" ಅವಳು ಅವರ ಮುಖ ನೋಡಲಿಲ್ಲ. ಕ್ಷಮಿಸಿದ್ದೇನೆ ಎಂದೂ ಅನ್ನಲಿಲ್ಲ. ಇನ್ನೊಂದು ಮೇಜು ಎತ್ತಲು ಹೋದಳು.

"ತಪ್ಪು ಯಾಕೆ ಸಾರ್? ಸರಿಯಾಗೇ ಬಂತಲ್ಲ?" ಸೂಜಿಯ ಹುಬ್ಬು ಗಂಟಿಕ್ಕಿತು.

ಈ ತಂಡಕ್ಕೆ ಉಳಿದಿದ್ದ ಕೊನೆಯ ತರಗತಿಯಲ್ಲಿ ಮೇಷ್ಟ್ರು ಕುಳಿತುಕೊಳ್ಳದೆ ಹೇಳಿದರು: "ನಿಮಗೆ ಹೇಳ್ಕೊಟ್ಟ ಆ ಮಾತನ್ನ ಹೊಡೆದುಹಾಕಿ. ಯಾರನ್ನ ಆರಿಸ್ಕೋಬೇಕು ಅಂದಿದ್ದೆನಲ್ಲ, ಅದನ್ನೂ."

"ಅದಿಲ್ಲದೆ ಜನ ಕೈನೇ ನೋಡ್ತಾರಲ್ಲ ಸಾರ್?" ಎಂದ ಹಗ್ಗದ ಹುಡುಗ.

"ನೋಡ್ತಾರೆ. ನನ್ನ ಕೈಗೆ ಅಷ್ಟು ಚಳಕ ಇಲ್ಲ. ಅದು ಗೊತ್ತಾಗದಿರಲಿ ಅಂತ ಇನ್ನೊಬ್ಬರ ಮಾನ ಕಳೀತಿದ್ದೆ. ಮೂವತ್ತು ವರ್ಷ."

ಸೂಜಿ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಅವತ್ತು ಬಂದಿದ್ರಲ್ಲ, ಅವರು ನಮ್ಮಮ್ಮ," ಎಂದಳು. ಯಾರೋ ನಗಲು ಬಾಯಿ ತೆರೆದು ಮುಚ್ಚಿಕೊಂಡರು. "ರಾತ್ರಿ ಅಮ್ಮನ್ನ ಕೇಳ್ದೆ, ನಿಂಗೆ ಬೇಜಾರಾಯ್ತಾ ಅಂತ. ಇಲ್ಲ ಅಂದ್ಳು. ಆಮೇಲೆ ಇನ್ನೊಂದು ಹೇಳಿದ್ಳು. ಗುಂಡಿ ಕೈಯಲ್ಲಿ ಇಲ್ಲ ಅನ್ನೋದು ಅವಳಿಗೆ ಗೊತ್ತಿತ್ತಂತೆ ಸಾರ್. ಅವತ್ತೂ, ಮನೇಲಿ ಮಾಡಿದ ಇಪ್ಪತ್ತು ಸಲಾನೂ. ನಾನು ಸೋಲಬಾರದು ಅಂತ ಮುಷ್ಟಿ ಹಿಡ್ಕೊಂಡಿದ್ಳಂತೆ."

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಬಾಗಿಲು ಕಾಯುವವರು, ಕಾರು ಓಡಿಸುವವರು, ತಟ್ಟೆ ಎತ್ತುವವರು. ಖಾಲಿ ಎಂದು ಗೊತ್ತಿದ್ದೂ ಮುಷ್ಟಿ ಹಿಡಿದುಕೊಂಡು, ತನ್ನ ಆಟ ಉಳಿಸಿಕೊಟ್ಟವರು ಅವರಲ್ಲಿ ಎಷ್ಟು ಮಂದಿಯೋ!

ಅವರು ತಿರುಗಿ ಬಂದು ಸೂಜಿಯ ಮುಂದೆ ನೆಲದ ಮೇಲೆ ಕುಳಿತರು. ಅವಳ ಅಂಗೈಗೆ ಗುಂಡಿ ಒತ್ತಿದರು, ಬಾಯಿ ಬಿಡದೆ.

"ಸುಳ್ಳು ಹೇಳ್ಬೇಡ. ಇದೆಯಾ?"

"ಇಲ್ಲ ಸಾರ್. ನಿಮ್ಮ ಹೆಬ್ಬೆರಳು ಮೇಲೆ ಬಂತು."

ಮತ್ತೆ ಒತ್ತಿದರು. ಮಕ್ಕಳೆಲ್ಲ ಸುತ್ತ ಬಗ್ಗಿ ನೋಡಿದರು.

"ಕಾಣಿಸ್ತು ಸಾರ್," ಎಂದವು ಐದಾರು ದನಿ ಒಟ್ಟಿಗೇ.

ಮೇಷ್ಟ್ರು ಹಣೆಯ ಬೆವರು ಒರೆಸಿಕೊಂಡು ಮೂರನೇ ಸಲ ಗುಂಡಿ ಎತ್ತಿಕೊಂಡರು. ಸೂಜಿ ಅಂಗೈ ಬಿಡಿಸಿಯೇ ಇಟ್ಟಿದ್ದಳು.