ಮಳೆ ಹೇಳಿದ ಸಾಕ್ಷಿ

ಒಂದಕ್ಷರ ಸುಳ್ಳಿದ್ರೂ ನನ್ ನಾಲ್ಗೆ ಬಿದ್ದೋಗ್ಲಿ, ಎಂದು ಆಣೆ ಹಾಕದೆ ತೀರ್ಥಪ್ಪ ಯಾವತ್ತೂ ಕಥೆ ಶುರು ಮಾಡಿದವನಲ್ಲ, ಈಗ ಹೋಟೆಲಿನ ತಗಡಿನ ಮೇಲೆ ಟಪ್, ಇನ್ನೊಂದು ಟಪ್ — ಮಳೆಯಾ, ಹೌದು, ಮಳೆಯೇ, ಎರಡು ತಿಂಗಳು ಅಜ್ಜಂಪುರದ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿದ್ದ ಬಿಸಿಲಾದ ಮೇಲೆ ಮಳೆ, ಮಣ್ಣಿನ ವಾಸನೆ ಮೂಗಿಗಡರಿ ಜನ ಬನಿಯನ್ನಲ್ಲೇ ಬೀದಿಗಿಳಿದು ನೆನೆಯುತ್ತಿದ್ದಾರೆ, ಹೋಟೆಲಿನ ಕಾಂತರಾಜು ಟೀ ಇಟ್ಟು, ತೀರ್ಥಣ್ಣ ನಿನ್ ಬಾಯಿಗೆ ಸಕ್ರೆ ಹಾಕ್ಬೇಕು ಕಣಣ್ಣ, ನೀನು ಹೇಳ್ದಿದ್ರೆ ಎಲ್ರೂ ಸುಟ್ಟ ಬದ್ನೆಕಾಯಿ ಆಗೋಗ್ತಿದ್ವಿ — ಅದೇ, ಅದನ್ನೇ ಹೇಳಬಾರದಿತ್ತು, ಎಮ್ಮೆದೊಡ್ಡಿ ಕಾವಲಲ್ಲಿ ದನಗಳು ನೆರಳು ಬಿಟ್ಟು ಓಡೋದ್ವು, ನೆರಳೊಂದೇ ನಿಂತು ಮೇಯ್ತಿತ್ತು ಅಂದಾಗ ನಕ್ಕಿದ್ದರು, ಕೆಮ್ಮಣ್ಣುಗುಂಡೀಲಿ ಮೋಡವೇ ಮರದಡಿ ಕೂತು ಬೆವರು ಒರಸ್ಕೊಂತೈತೆ ಅಂದಾಗಲೂ ನಕ್ಕಿದ್ದರು, ಬಿಸಿಲು ಇನ್ನೂ ಏರಿ ಯಾರೂ ನಗದೇ ಹೋದಾಗ, ಮುಖದ ಒಂದು ಗೆರೆ ಅಲುಗಿಸದೆ, ಮಳೆ ಎಲ್ಲಿಂದ ಬತ್ತದೆ, ಉಗಾದಿಗೆ ಮುಂಚೆ ಹೂತ್ರಲ್ಲ ಹಾಲೇಶನ್ನ, ಅವನ ಬೆನ್ನ ಮೇಲೆ ತೊನ್ನಿತ್ತು, ಎಂದುಬಿಟ್ಟ, ತೊನ್ನಿದ್ದವರನ್ನು ಹೂತರೆ ಮಳೆ ಬರುವುದಿಲ್ಲ ಎಂಬ ಅಜ್ಜಂದಿರ ಕಾಲದ ಮಾತಿಗೆ ಈಗ ಯಾರಾದರೂ ನಗುತ್ತಾರೆ ಎಂದುಕೊಂಡಿದ್ದ, ನಗಲಿಲ್ಲ, ಎದ್ದು ಹೋದರು, ಗುದ್ದಲಿ ತಂದರು, ನಿನ್ನೆ ಬೆಳಿಗ್ಗೆ ಹಾಲೇಶನನ್ನು ಅಗೆದು ತೆಗೆದು ಸುಟ್ಟರು — ತೊನ್ನೆಲ್ಲಿತ್ತು, ಸುಣ್ಣ ಅದು, ಗೋಡೆಗೆ ಸುಣ್ಣ ಬಳಿಯುವವನ ಬೆನ್ನು, ಪಂಪ್‌ಸೆಟ್ಟಿನ ನೀರಿಗೆ ಬಗ್ಗಿ ಕೂತು, ಲೇ ತೀರ್ಥ, ಕೈ ಎಟುಕ್ತಿಲ್ಲ, ಒಸಿ ಉಜ್ಜೋ, ಎಂದಿದ್ದ, ಈ ಕೈಯಲ್ಲೇ ಉಜ್ಜಿದ್ದು, ಇದನ್ನು ಹೇಳಿದರೆ ಯಾರು ನಂಬುತ್ತಾರೆ, ಮಳೆಯೇ ಬಂದು ಸಾಕ್ಷಿ ಹೇಳಿದ ಮೇಲೆ, ಮಳೆ ಹಿಡಿದು ಗಂಟೆಯಾಯಿತು, ಇಗೋ ನೋಡಣ್ಣ, ವಾಟ್ಸಾಪಲ್ಲಿ ವಿಡಿಯೋ, ಹಾಲೇಶನ್ನ ತೆಗ್ದ ಗುಂಡೀಲಿ ಆಗ್ಲೇ ಮೊಣಕಾಲುದ್ದ ನೀರು, ಕಾಂತರಾಜು ಮೊಬೈಲನ್ನು ಮುಖಕ್ಕೇ ಹಿಡಿದ, ಮುಚ್ಚಿಲ್ಲವಾ, ಯಾರೂ ಮುಚ್ಚಲಿಲ್ಲವಾ, ಈಗ ಸೊಂಟದುದ್ದ ಆಗಿರಬಹುದು — ತಗಡಿನ ಕೆಳಗೆ ಬಂದು ನಿಂತವಳು ಹಾಲೇಶನ ಹೆಂಡತಿ ಕಾಂತಮ್ಮ, ಸೆರಗು ಹಿಂಡುತ್ತಿದ್ದಾಳೆ, ಬೈಯಲಿಲ್ಲ, ತೀರ್ಥಣ್ಣ, ಇಪ್ಪತ್ತೆಂಟು ವರ್ಷ ಆ ಬೆನ್ನಿಗೆ ನೀರು ಹುಯ್ದೋಳು ನಾನು, ನನ್ ಕಣ್ಣಿಗೆ ಬೀಳ್ದಿದ್ದು ನಿನ್ ಕಣ್ಣಿಗೆ ಹೆಂಗ್ ಬಿತ್ತು, ಅಷ್ಟೇ ಕೇಳಿದಳು, ಹೇಳು, ಈಗಲೇ ಹೇಳಿಬಿಡು, ಕಾಂತಮ್ಮ, ದೇವ್ರಾಣೆಗೂ ಅದು ಸುಣ್ — ಆಣೆ ಕಿವಿಗೆ ಬಿದ್ದದ್ದೇ ತಡ, ಇನ್ನೊಂದು ಕಥೆ ಎಂದುಕೊಂಡಳೋ ಏನೋ, ತಿರುಗಿ ಮಳೆಗಿಳಿದು ಹೊರಟೇ ಹೋದಳು, ಮಿಕ್ಕ ಅರ್ಧ ಮಾತು ಬಾಯಲ್ಲೇ, ತಗಡಿನ ಮೇಲೆ ಸದ್ದು, ಬೀದಿಯಲ್ಲಿ ನಗು, ಗುಂಡಿ, ಎದೆಯುದ್ದ, ಗುಂಡಿ, ಅಂಚಿನವರೆಗೆ ನೀರು, ಒಳಗೆ ಯಾರೂ ಇಲ್ಲದ ನೀರು